ಕಚ್ಚಿಟ್ಟ ರೊಟ್ಟಿ

"ನಾನು ಹೋಗ್ತಾ ಇಲ್ಲಮ್ಮ" ಎಂದು ಮವ್ಜುದಾ ಕಟ್ಟಿಟ್ಟಿದ್ದ ಚೀಲವನ್ನು ಮತ್ತೆ ಬಿಚ್ಚತೊಡಗಿದಳು. ಬೀದಿಯಲ್ಲಿ ತಾಷ್ಕೆಂಟಿಗೆ ಹೊರಟ ಟ್ಯಾಕ್ಸಿ ಇನ್ನೊಮ್ಮೆ ಹಾರ್ನ್ ಹೊಡೆಯಿತು.

ತಾಯಿ ರಿಸೊಲತ್ ಟೀ ಕೆಟಲನ್ನು ಹತ್ತಿರಕ್ಕೆಳೆದುಕೊಂಡಳು. ಅವಳ ಬಲಗೈ ಮೊಣಕೈವರೆಗೆ ಹೊಸ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ಬಟ್ಟಲಿಗೆ ಟೀ ಬಗ್ಗಿಸಲು ಹೋಗಿ ಅರ್ಧವನ್ನು ಹಾಸಿನ ಮೇಲೆ ಚೆಲ್ಲಿದಳು. ಮಗಳು ಪರೀಕ್ಷೆಗೆ ಹೋದರೆ ಒಂದು ತಿಂಗಳು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೇನೆಂದು ತನ್ನ ಊರಿನಿಂದ ಬಂದವಳು, ನಿನ್ನೆ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು.

ಮವ್ಜುದಾ ಶಿಶುವಿಹಾರದಲ್ಲಿ ಆಯಾ. ಮಕ್ಕಳ ಮೂಗು ಒರೆಸುವುದು, ಊಟ ಮಾಡಿಸುವುದು, ಮಲಗಿಸುವುದು ಅವಳ ಕೆಲಸ. ಕತೆ ಹೇಳುವುದು ಟೀಚರಮ್ಮನದು. ಕತೆಯ ಹೊತ್ತಿಗೆ ಅವಳು ಬಾಗಿಲ ಹೊರಗೆ ಕೂತು, ಜೋಡಿಸಿದ ಪುಟ್ಟ ಬೂಟುಗಳನ್ನೇ ಮತ್ತೆ ಮತ್ತೆ ಜೋಡಿಸುತ್ತ ಒಳಗಿನ ದನಿಗೆ ಕಿವಿ ಕೊಡುವಳು. ಈ ಸಲ ಧೈರ್ಯ ಮಾಡಿ ಪ್ರವೇಶ ಪರೀಕ್ಷೆ ಬರೆದಿದ್ದಳು. ದುಡಿಯುತ್ತಲೇ ಓದುವವರಿಗೆಂದು ಇರುವ ಪದವಿಗೆ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಜಾಗವೂ ಸಿಕ್ಕಿತ್ತು. ವರ್ಷಕ್ಕೆರಡು ಸಲ ಅಲ್ಲಿಗೆ ಹೋಗಿ, ಒಂದು ತಿಂಗಳಿದ್ದು, ಪಾಠ ಕೇಳಿ ಪರೀಕ್ಷೆ ಬರೆದು ಬರಬೇಕು. ಮೊದಲನೆಯದಕ್ಕೇ ಹೋಗದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

"ಹುಡುಗನಿಗೆ ಕೆಮ್ಮು ಬೇರೆ" ಎಂದಳು ಮವ್ಜುದಾ, ಸ್ವೆಟರನ್ನು ಚೀಲದಿಂದ ಹೊರಗೆಳೆಯುತ್ತ. "ನಿನ್ನ ಜಡೆ ಯಾರು ಹೆಣೀತಾರೆ? ಅಡಿಗೆ ಯಾರು ಮಾಡ್ತಾರೆ? ನಿನ್ನ ಅಳಿಯನಿಗೆ ಮೊಟ್ಟೆ ಬೇಯಿಸೋಕೂ ಬರಲ್ಲ."

"ನೀನು ಅಲ್ಲಿ ಕಲಿ, ಅವನು ಇಲ್ಲಿ ಕಲೀಲಿ. ಯಾರು ಮೊದಲು ಪಾಸಾಗ್ತೀರಿ ನೋಡೋಣ."

"ತಮಾಷೆ ಬೇಡಮ್ಮ. ಈ ವಯಸ್ಸಲ್ಲಿ ಓದದೆ ಇದ್ರೆ ಏನಂತೆ? ಯಾರು ಕಾಯ್ತಾ ಕೂತಿದ್ದಾರೆ?"

ರಿಸೊಲತ್ ಬಟ್ಟಲನ್ನು ಕೆಳಗಿಟ್ಟಳು. "ಆ ಮೊಳೆಗೆ ಹಾಕಿದೀನಲ್ಲ, ಗಂಟು, ಅದನ್ನ ತಗಿ. ನನಗೆ ಕೈ ಏಳಲ್ಲ."

ಬಂದ ದಿನವೇ ಅಮ್ಮ ಅಡಿಗೆಮನೆಯ ಮೊಳೆಗೆ ತೂಗುಹಾಕಿದ್ದ ಬಿಳಿ ಬಟ್ಟೆಯ ಗಂಟು ಅದು. ದೃಷ್ಟಿ ತೆಗೆಯುವ ಸೊಪ್ಪಿರಬೇಕು ಎಂದುಕೊಂಡಿದ್ದ ಮವ್ಜುದಾ ಸ್ಟೂಲು ಹತ್ತಿ ಇಳಿಸಿದಳು. ಗಂಟು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಿಚ್ಚಿದರೆ ಒಣಗಿದ ದಪ್ಪ ತಂದೂರಿ ರೊಟ್ಟಿ. ನಡುವೆ ಅಚ್ಚೊತ್ತಿದ ಹೂವು, ಅಂಚಿನಲ್ಲಿ ಒಂದೇ ಒಂದು ತುತ್ತು ಕಚ್ಚಿದ ಗುರುತು.

ದೂರ ಹೊರಟವರು ಮನೆಯ ರೊಟ್ಟಿಯಲ್ಲಿ ಒಂದು ತುತ್ತು ಕಚ್ಚಿಟ್ಟು ಹೋಗುತ್ತಾರೆ. ಉಳಿದದ್ದು ಗೋಡೆಯಲ್ಲಿ ತೂಗುತ್ತ, ಅವರು ಬಂದು ತಿನ್ನಲೆಂದು ಕಾಯುತ್ತದೆ. ಈ ಹಲ್ಲಿನ ಗುರುತಿನಲ್ಲಿ ಒಂದು ಕಡೆ ಸೊಟ್ಟಗೆ ಒಂದು ಗೀರಿತ್ತು. ಮವ್ಜುದಾಳ ನಾಲಿಗೆ ತಾನಾಗಿ ತನ್ನ ಬಾಯಿಯ ಎಡಮೂಲೆಯ ಖಾಲಿ ಜಾಗಕ್ಕೆ ಹೋಯಿತು. ಆ ಸೊಟ್ಟ ಹಲ್ಲು ಎರಡನೆಯ ಬಸಿರಿನಲ್ಲಿ ಬಿದ್ದುಹೋಗಿತ್ತು.

ಇಪ್ಪತ್ತು ವರ್ಷದ ಹಿಂದೆ ಅವಳು ಓದಲೆಂದು ಹೊರಟ ಬೆಳಿಗ್ಗೆ ಕಚ್ಚಿದ ರೊಟ್ಟಿ ಅದು. ಪೆಟ್ಟಿಗೆ ಹೊಸ್ತಿಲು ದಾಟಿತ್ತು. ಅದನ್ನು ಎತ್ತಿಕೊಂಡಿದ್ದ ಅಪ್ಪ ಅಂಗಳದಲ್ಲೇ ಕುಸಿದು, ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಪೆಟ್ಟಿಗೆ ಒಳಗೆ ಬಂತು. ಅಪ್ಪ ಹೋದಮೇಲೆ ಅದೇ ಪೆಟ್ಟಿಗೆಯಲ್ಲಿ ಮದುವೆಯ ಬಟ್ಟೆ ತುಂಬಿದರು.

"ಇದನ್ನ ಯಾಕೆ ಇಟ್ಕೊಂಡಿದೀಯಮ್ಮ?" ಮವ್ಜುದಾಳ ದನಿ ಸಣ್ಣಗಾಯಿತು. "ನಾನು ಹೋಗ್ಲೇ ಇಲ್ವಲ್ಲ. ನೆನೆಸಿ ಕೋಳಿಗೆ ಹಾಕಬಹುದಿತ್ತು."

"ಹೋಗಿದ್ದೆ ನೀನು" ಎಂದಳು ರಿಸೊಲತ್. "ರೊಟ್ಟಿ ಕಚ್ಚಿದವಳು ಹೋದಳು. ನನ್ನ ಹತ್ರ ಉಳಿದವಳು ಬೇರೆ. ಅಪ್ಪನ ಕಾಲು ಒತ್ತಿದಳು, ತೋರಿಸಿದವನನ್ನ ಮದುವೆ ಆದಳು, ಒಂದು ದಿನ ಎದುರು ಮಾತಾಡಲಿಲ್ಲ. ಚಿನ್ನದಂಥವಳು, ಇಲ್ಲ ಅನ್ನಲ್ಲ. ಆದರೆ ಆ ಹುಡುಗಿ ಜಗಳಗಂಟಿ. ಹಿಟ್ಟು ನಾದೋವಾಗ ನನ್ನ ಎದುರು ಕೂತು ಗಟ್ಟಿಯಾಗಿ ಪುಸ್ತಕ ಓದೋಳು. ಸುಮ್ಮನಿರೇ ಅಂದ್ರೆ ಇನ್ನೂ ಗಟ್ಟಿಯಾಗಿ ಓದೋಳು. ಅವಳು ಇನ್ನೂ ಬಂದಿಲ್ಲ. ಯಾರು ಕಾಯ್ತಾರೆ ಅಂದ್ಯಲ್ಲ, ನಾನು ಕಾಯ್ತಾ ಇದೀನಿ."

ಹೊರಗಿನಿಂದ ಡ್ರೈವರ್ ಕೂಗಿದ: "ಅಕ್ಕಾ, ಕಣಿವೇಲಿ ಹಿಮ ಬೀಳ್ತಾ ಇದೆಯಂತೆ! ದಾರಿ ಮುಚ್ಚಿದರೆ ನಾವೆಲ್ಲ ಕಾರಲ್ಲೇ ಸಂಸಾರ ಹೂಡಬೇಕಾಗುತ್ತೆ!"

ಮವ್ಜುದಾ ರೊಟ್ಟಿಯನ್ನು ಬಾಯಿಗೆ ತಂದಳು. ತಾಯಿ ಎಡಗೈಯಿಂದ ಅವಳ ಕೈಗೆ ಪಟ್ಟನೆ ಹೊಡೆದಳು. "ಈಗಲ್ಲ! ಬಂದಮೇಲೆ ತಿನ್ನೋದು. ಇದ್ದ ಹಲ್ಲೂ ಹೋದೀತು."

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಮವ್ಜುದಾ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಮತ್ತೆ ಸ್ಟೂಲು ಹತ್ತಿದಳು. ಹೋದವರ ರೊಟ್ಟಿಯನ್ನು ಉಳಿದವರು ತೂಗುಹಾಕುವುದು ವಾಡಿಕೆ. ಅವಳು ತನ್ನದನ್ನು ತಾನೇ ಮೊಳೆಗೆ ಸಿಕ್ಕಿಸಿದಳು. ತಾಯಿಯ ಹಿಂದೆ ಕೂತು ನರೆತ ಕೂದಲನ್ನು ಬಿಗಿಯಾಗಿ ಹೆಣೆದಳು, ನಾಲ್ಕು ದಿನ ಬಿಚ್ಚದ ಹಾಗೆ. ಆಮೇಲೆ ಸ್ವೆಟರನ್ನು ಚೀಲಕ್ಕೆ ತುರುಕಿದಳು.

ರಿಸೊಲತ್ ಪ್ಲಾಸ್ಟರಿನ ಕೈಯನ್ನು ಎದೆಗವುಚಿಕೊಂಡು ಗೇಟಿನವರೆಗೆ ಬಂದಳು. ಕಾರಿನ ಬಾಗಿಲು ತೆರೆಯುವಾಗ ಹಿಂದಿನಿಂದ ಕೂಗಿ ಹೇಳಿದಳು: "ಅಲ್ಲೆಲ್ಲಾದ್ರೂ ಅವಳು ಸಿಕ್ಕಿದ್ರೆ ಕರ್ಕೊಂಡು ಬಾರೇ!"

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಾರನ್ನಕ್ಕಾ? ನೀವೊಬ್ಬರೇ ತಾನೇ?"

ಮವ್ಜುದಾ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. "ಹೋಗುವಾಗ ಒಬ್ಬಳೇ" ಎಂದಳು.