ಮೊಳೆಯ ಮೇಲಿನ ಟೇಪು

"ನೆನ್ನೆ ಈ ಟೆಲೆಕ್ಸ್ ಮೆಷಿನ್ನ ನೆಟ್ಟಗೆ ರಿಪೇರಿ ಮಾಡಿದ್ದಿದ್ರೆ ನಿನ್ನ ತಮ್ಮ ಉಳೀತಿದ್ದ ಕಣಯ್ಯಾ ಆವುಲಪ್ಪ," ಎಂದರು ಮ್ಯಾನೇಜರು. "ಆಂಬುಲೆನ್ಸ್ ಕಳಿಸೀಂತ ಬೆಂಗ್ಳೂರಿಗೆ ಹೊಡೀತಿದ್ದಂಗೇ ನಿಂತೋಯ್ತು."

ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಸತ್ತ ತಮ್ಮನ ಹೆಣ ಇನ್ನೂ ಶೆಡ್ಡಿನಲ್ಲೇ ಇತ್ತು. ತಾನೇ ಕೊಂದೆನೆಂದುಕೊಂಡು ಆವುಲಪ್ಪ ಯಂತ್ರ ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಕಾಗದದ ಟೇಪನ್ನು ಎಳೆದ. ಕಳಿಸಬೇಕಾದ ಸುದ್ದಿ ಹೊತ್ತ ಅದರ ತೂತುಗಳನ್ನು ಅವನ ಬೆರಳುಗಳೇ ಓದಬಲ್ಲವು. ಅದರಲ್ಲಿದ್ದದ್ದು ಆಂಬುಲೆನ್ಸ್ ಅಲ್ಲ; ಬೋಲ್ಟು, ಎರಡು ಸಾವಿರ.

ಆಂಬುಲೆನ್ಸಿನ ಟೇಪು ಗೋಡೆಯ ಮೊಳೆಯಲ್ಲಿ, ಇನ್ನೂ ಐದು ಆರ್ಡರುಗಳ ಹಿಂದೆ ನೇತಾಡುತ್ತಿತ್ತು.

"ಆರ್ಡರ್ ಮೊದ್ಲು ಹೋಗ್ಲಿ ಅಂದ್ರು ಮ್ಯಾನೇಜರು, ಅಣ್ಣಾ," ಟೆಲೆಕ್ಸ್ ಹೊಡೆಯುವ ಶಾಂತಾಬಾಯಿ ಬಿಕ್ಕಿದಳು.

ಆವುಲಪ್ಪ ಆಂಬುಲೆನ್ಸಿನ ಟೇಪನ್ನು ತೆಗೆದು ಯಂತ್ರಕ್ಕೆ ಕೊಟ್ಟ. ಒಮ್ಮೆಯೂ ನಿಲ್ಲದೆ ಓಡಿತು. ಮರುನಿಮಿಷವೇ ಬೆಂಗಳೂರಿನ ಉತ್ತರ ಅಚ್ಚಾಯಿತು: ಆಂಬುಲೆನ್ಸ್ ಹೊರಟಿದೆ.