ಇಳಿಯದ ಮಾತು

ಧಾರವಾಡದ ಮೌಲಾಲಿಯ ಅಂಗಡಿಯಲ್ಲಿ ಹಳೆಯ ಡಿಜಿಟಲ್ ಟೇಪೊಂದು ಕಂಪ್ಯೂಟರಿಗೆ ಇಳಿಯುತ್ತಿತ್ತು. ಅದು ತೀರಿಕೊಂಡ ಗಾಯಕಿ ಯಮುನಾಬಾಯಿಯ ಸಂದರ್ಶನ. ತಂದವರು ಅವರ ತಂಗಿ, ಈಗಿನ ಹೆಸರಾಂತ ಗಾಯಕಿ ಪ್ರಯಾಗಬಾಯಿ.

“ನಾ ಹಾಡೋದು ಯಾಕ ಬಿಟ್ಟೆ ಅಂದ್ರ...” ಎಂದ ಅಕ್ಕನ ದನಿ ಅಲ್ಲಿಗೇ ನಿಂತಿತು.

“ಕತ್ತರಿಸಿದಿ ಏನು?” ಪ್ರಯಾಗಬಾಯಿ ಹುಬ್ಬುಗಂಟಿಕ್ಕಿದರು. “ಗಂಟಲ ಬ್ಯಾನಿ ಆತು ಅಂತ ಅಕ್ಕ ಅಲ್ಲೇ ಹೇಳ್ಯಾಳ. ನಾ ಎಷ್ಟೋ ಸಲ ಕೇಳೇನಿ.”

“ನಾ ಯಾಕ ಕತ್ತರಸಲಿ, ಬಾಯಾರ? ಸುಳ್ಳು ಕಂಪ್ಯೂಟರಿಗೆ ಇಳಿಯೂದಿಲ್ಲ, ನಿಮಗೂ ಗೊತ್ತೈತಿ.”

ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹೇಳಿದವರೇ ನಂಬದ ಮಾತಿದ್ದಲ್ಲಿ ಮೌನ ಉಳಿಯುತ್ತಿತ್ತು. ಸನ್ಮಾನದ ಭಾಷಣಗಳಲ್ಲಂತೂ ಬರೀ ಅದೇ. ಆದರೂ ಪ್ರಯಾಗಬಾಯಿ ಹಠ ಹಿಡಿದು ಟೇಪನ್ನೇ ನೇರವಾಗಿ ಹಚ್ಚಿಸಿದರು. ಟೇಪಿನಲ್ಲಿ ಗಂಟಲ ಬೇನೆಯ ಮಾತು ಸ್ಪಷ್ಟವಾಗಿತ್ತು.

ಬೇನೆಯೇ ಇರಲಿಲ್ಲವೇ? ಅಕ್ಕ ಬಿಟ್ಟ ಮೇಲಲ್ಲವೇ ತನಗೆ ವೇದಿಕೆ ಸಿಕ್ಕಿದ್ದು?

ಮೌಲಾಲಿ ಮತ್ತೆ ಇಳಿಸಲು ಹೊರಟಾಗ ಪ್ರಯಾಗಬಾಯಿ ಅವನ ಕೈ ಹಿಡಿದರು. “ಮುಂದಿಂದು ಬ್ಯಾಡ ತಮ್ಮಾ. ‘ತಂಗಿ ನನಗಿಂತ ಚೊಲೊ ಹಾಡ್ತಾಳ’ ಅಂದಾಳ. ಇಷ್ಟು ವರ್ಷ ಅದನ್ನ ನಂಬಿ ಹಾಡೇನಿ.”

“ಹಂಗಾದ್ರ ನಿಲ್ಲಸ್ಲೇನ್ರಿ?”

ಅವರು ಅವನ ಕೈ ಬಿಟ್ಟರು. “ಹಚ್ಚು.”

ತುಸು ಮೌನದ ನಂತರ ಅಕ್ಕನ ದನಿ ಬಂತು: “ತಂಗಿ ನನಗಿಂತ ಚೊಲೊ ಹಾಡ್ತಾಳ.” ಒಂದಕ್ಷರವೂ ತಪ್ಪಿರಲಿಲ್ಲ.

ಪ್ರಯಾಗಬಾಯಿ ಕಂಪ್ಯೂಟರನ್ನು ದುರುಗುಟ್ಟಿ ನೋಡಿದರು. “ಇದರ ಮ್ಯಾಲ ನನಗ ನಂಬಿಕಿಲ್ಲ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಇನ್ನೊಮ್ಮೆ ಹಚ್ಚು.”