ಸೋರೆಕಾಯಿ ಕೇಳಿಸಿಕೊಂಡದ್ದು

ನೀರು ಹಾಕುವವರ ಮಾತನ್ನೆಲ್ಲ ಸೋರೆಕಾಯಿ ನುಂಗಿಕೊಂಡು, ಹೆಚ್ಚುವಾಗ ಅವರದೇ ದನಿಯಲ್ಲಿ ಒದರುವ ಕಾಲವದು. ಹಾಗಾಗಿ ಚರ್ಚಿನ ತೋಟದಲ್ಲಿ ಎಲ್ಲರೂ ಜಪಸರ ಹೇಳುತ್ತಲೇ ನೀರು ಹಾಕುತ್ತಿದ್ದರು. ಇನ್ನಾಸಪ್ಪ ಬೆಳೆದ ಸೋರೆಕಾಯಿಯಂತೂ ಎಮ್ಮೆಗಾತ್ರ; ಅದರ ನೆರಳಲ್ಲಿ ಅರ್ಧ ಊರು ಮಲಗಬಹುದಿತ್ತು.

ಬಡವರಿಗೆ ದಿನಸಿ ಹಂಚುವ ಭಾನುವಾರ, ಸಾಲಿನ ಮುಂದಿದ್ದ ಫಿಲೋಮಿಗೆ, "ನೋಡು ತಂಗಿ, ಸ್ವರ್ಗದಲ್ಲೂ ಇಂಥದ್ದು ಬೆಳೆಯಲ್ಲ!" ಎಂದು ಮೀಸೆ ತಿರುವಿ ಅವನು ಚಾಕು ಇಳಿಸಿದ.

"ನಮೋ ಮರಿಯಾ," ಎಂದಿತು ಸೋರೆಕಾಯಿ, ಇನ್ನಾಸಪ್ಪನ ದನಿಯಲ್ಲೇ. "ಆ ಫಿಲೋಮಿ ಮಕ್ಕಳದ್ದು ಹೊಟ್ಟೆಯೋ ಕಾಳು ತುಂಬೋ ಹಗೇವೋ? ಬಿಟ್ಟಿ ಸಿಕ್ರೆ ಚೀಲಾನೂ ತಿಂತಾವೆ!"

ಜಪದ ನಡುವೆ ಆಡಿದ್ದು ಅವನಿಗೆ ಮರೆತೇಹೋಗಿತ್ತು. ಮೂರು ಊರಿಗೆ ಕೇಳುವಂತೆ ಮಾತಾಡುವವನು ಈಗ ಸೋರೆಕಾಯಿ ಕೊಯ್ದ ಜಾಗವನ್ನು ಅಂಗೈಯಿಂದ ಒತ್ತಿಹಿಡಿದ. ಕೈಯಲ್ಲಿನ ಚಾಕು ಬೆಟ್ಟದಷ್ಟು ಭಾರವಾಯಿತು.

ಫಿಲೋಮಿ ಚೀಲದ ಬಾಯಿ ಅಗಲಿಸಿದಳು.

"ಇನ್ನು ಹೆಚ್ಚಬೇಡಿ ಅಣ್ಣಾ, ನನ್ನ ಪಾಲಿನ ತುಂಡು ಹಾಗೇ ಹಾಕಿ. ಮಕ್ಕಳು ಮಲಗಿದ ಮೇಲೆ ಹೆಚ್ಕೋತೀನಿ."